ಯಾವುದು ಮೊದಲು ಮುರಿಯಬೇಕು

ನಾರಾಯಣಖೇಡದ ಎರೆಹೊಲದಲ್ಲಿ ರೋಟಾವೇಟರ್ ಹೂಡಿದ ಟ್ರ್ಯಾಕ್ಟರ್ ಸಾಗುತ್ತಿದೆ. ಮಣ್ಣಿನೊಳಗಿನ ಕಲ್ಲೊಂದು ಅಲಗಿಗೆ ತಾಗಿದ ಕೂಡಲೇ ಟಕ್ಕೆಂಬ ಸದ್ದಾಗಿ ಅಲಗುಗಳು ನಿಂತುಬಿಡುತ್ತವೆ. ಎಂಜಿನ್ ನಿಲ್ಲುವುದಿಲ್ಲ, ಗೇರ್‌ಬಾಕ್ಸಿಗೂ ಏನೂ ಆಗುವುದಿಲ್ಲ. ಮುರಿದದ್ದು ಬೆರಳುದ್ದದ ಒಂದು ಬೋಲ್ಟು. ಚಾಲಕ ರೋಟಾವೇಟರನ್ನು ತಿರುಗಿಸುವ ಪಿಟಿಒ ನಿಲ್ಲಿಸಿ ಕೆಳಗಿಳಿದು, ತುಂಡುಗಳನ್ನು ತಟ್ಟಿ ತೆಗೆದು, ಪಾನಾಪೆಟ್ಟಿಗೆಯಿಂದ ಇನ್ನೊಂದು ಬೋಲ್ಟು ಹಾಕಿ ಮತ್ತೆ ಕೆಲಸಕ್ಕೆ ಹತ್ತುತ್ತಾನೆ. ಈ ಶಿಯರ್ ಬೋಲ್ಟನ್ನು ಮಾಡಿದ್ದೇ ಮುರಿಯಲಿ ಎಂದು. ಇದು ಮುರಿಯದಿದ್ದರೆ ಗೇರಿನ ಹಲ್ಲು ಮುರಿಯುತ್ತಿತ್ತು.

ಪದೇಪದೇ ಬೋಲ್ಟು ಬದಲಿಸಿ ಬೇಸತ್ತವರು ಒಮ್ಮೊಮ್ಮೆ ಗಟ್ಟಿ ಬೋಲ್ಟು ಹಾಕಿಬಿಡುತ್ತಾರೆ. ಬೋಲ್ಟಿನ ತಲೆಯ ಮೇಲೆ 8.8, 10.9, 12.9 ಎಂದು ಅಚ್ಚೊತ್ತಿರುತ್ತದಲ್ಲ, ಅದರ ಲೆಕ್ಕ ಸರಳ. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಆ ಉಕ್ಕು ಎಷ್ಟು ಮೆಗಾಪ್ಯಾಸ್ಕಲ್ ಎಳೆತಕ್ಕೆ ಹರಿಯುತ್ತದೆ ಎಂಬುದು ತಿಳಿಯುತ್ತದೆ. ಚುಕ್ಕೆಯ ನಂತರದ ಅಂಕಿ, ಅದರ ಹತ್ತರಲ್ಲಿ ಎಷ್ಟು ಪಾಲಿಗೆ ಬೋಲ್ಟು ಮರಳಿ ಬಾರದಂತೆ ಹಿಗ್ಗುತ್ತದೆ ಎಂಬುದನ್ನು ಹೇಳುತ್ತದೆ. ಅಡ್ಡ ಕತ್ತರಿಕೆಗೆ ಉಕ್ಕು ತಾಳುವುದು ಎಳೆತದ ಬಲದ ನೂರರಲ್ಲಿ ಸುಮಾರು 60 ಪಾಲು. 8 ಮಿ.ಮೀ. ದಪ್ಪದ 8.8 ಬೋಲ್ಟು ಹೆಚ್ಚುಕಡಿಮೆ 1.8 ಟನ್ ಭಾರಕ್ಕೆ ಕತ್ತರಿಸಿಹೋಗುತ್ತದೆ, ಅದೇ ಅಳತೆಯ 12.9 ಬೋಲ್ಟು 2.7 ಟನ್‌ವರೆಗೆ ತಾಳುತ್ತದೆ. ತಲೆಯ ಮೇಲಿನ ಅಂಕಿ ಬಿಟ್ಟರೆ ಹೊರಗಿನಿಂದ ಎರಡೂ ಒಂದೇ. ಆದರೆ ನಡುವಿನ ಆ 0.9 ಟನ್ ಎಲ್ಲಿಗೋ ಹೋಗಲೇಬೇಕು, ಅದು ಹೋಗುವುದು ಗೇರ್‌ಬಾಕ್ಸಿಗೆ. ಬೋಲ್ಟು ಉಳಿದ ಸಂತೋಷ ಬಹಳ ದಿನ ನಿಲ್ಲುವುದಿಲ್ಲ.

ಜೀಪಿಗೆ ದೊಡ್ಡ ಟೈರು ತೊಡಿಸಿ, ಕಮಾನು ಎತ್ತರಿಸಿ, ಡಿಫರೆನ್ಶಿಯಲ್‌ಗೆ ಲಾಕರ್ ಕೂರಿಸಿ ದಾರಿಯಿಲ್ಲದ ಕಡೆ ಓಡಿಸುವವರೂ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತಾರೆ. ಮಾರ್ಪಾಡು ಮಾಡಿದ ಗಾಡಿಯಲ್ಲಿ ದುರ್ಬಲ ಜಾಗ ಇಲ್ಲವಾಗುವುದಿಲ್ಲ, ಬೇರೆ ಕಡೆಗೆ ಸರಿಯುತ್ತದೆ. ಅದು ಎಲ್ಲಿಗೆ ಸರಿದಿದೆ ಎಂಬುದನ್ನು ಮನೆಯಲ್ಲೇ ಲೆಕ್ಕಹಾಕಿ ಹೊರಟವನು ಸಂಜೆಯೊಳಗೆ ಊರು ಸೇರುತ್ತಾನೆ. ಉಳಿದವರಿಗೆ ಹೊಲದಲ್ಲೇ ರಾತ್ರಿ.

ಈ ಮಾತನ್ನು ಪರೀಕ್ಷಿಸಲು ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸುತ್ತಿನ ನೆಲಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ನಿಜಾಮರ ಕಾಲದಲ್ಲಿ ಮೊದಲೆರಡು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. 1956ರ ರಾಜ್ಯ ಮರುವಿಂಗಡಣೆಯಲ್ಲಿ ಮೂರೂ ಆಂಧ್ರಪ್ರದೇಶಕ್ಕೆ ಹೋದವು, 2014ರಿಂದ ತೆಲಂಗಾಣದಲ್ಲಿವೆ. ಗಡಿ ಬದಲಾದರೂ ಮಾತು ಪೂರ್ತಿ ಬದಲಾಗಲಿಲ್ಲ. ಇಲ್ಲಿನ ಗ್ಯಾರೇಜುಗಳಲ್ಲಿ ಕನ್ನಡ, ತೆಲುಗು, ದಖನಿ ಮೂರೂ ಒಂದೇ ಪಾನಾಪೆಟ್ಟಿಗೆಯ ಸುತ್ತ ಓಡಾಡುತ್ತವೆ. ಜಹೀರಾಬಾದಿಗೆ ಗಾಡಿಗಳ ನಂಟು ಹಳೆಯದು. 1980ರ ದಶಕದಲ್ಲಿ ಇಲ್ಲಿ ಆಲ್ವಿನ್ ನಿಸ್ಸಾನ್ ಕಂಪನಿಯ ಲಘು ಟ್ರಕ್ಕುಗಳು ತಯಾರಾಗುತ್ತಿದ್ದವು. ಆ ಕಾರ್ಖಾನೆ ಆಮೇಲೆ ಮಹೀಂದ್ರಾ ಕೈಗೆ ಬಂತು, 2013ರಲ್ಲಿ ಅದೇ ಊರಿನಲ್ಲಿ ಟ್ರ್ಯಾಕ್ಟರ್ ಕಾರ್ಖಾನೆಯೂ ಶುರುವಾಯಿತು.

ನೆಲದ ವಿಷಯಕ್ಕೆ ಬಂದರೆ ಜಹೀರಾಬಾದ್, ಕೋಹಿರ್ ಕಡೆ ಬೀದರಿನ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯೇ ಮುಂದುವರಿದಿದೆ. ನಾರಾಯಣಖೇಡದ ಕಡೆ, ಮಂಜೀರೆಯ ಆಸುಪಾಸಿನಲ್ಲಿ, ದಖನ್ನಿನ ಕಪ್ಪುಶಿಲೆ ಸವೆದು ಆದ ಎರೆ. ತಾಂಡೂರಿನಲ್ಲಿ ಪರಸಿ ಕಲ್ಲಿನ ಗಣಿಗಳು, ಅಂದರೆ ಶಹಾಬಾದ್ ಕಲ್ಲಿನದೇ ಬಳಗದ, ಭೀಮಾ ಕೊಳ್ಳದ ಸುಣ್ಣಕಲ್ಲು. ಮೂರು ನೆಲ ಗಾಡಿಯನ್ನು ಮೂರು ಬಗೆಯಲ್ಲಿ ಮುರಿಯುತ್ತವೆ. ಇವುಗಳಲ್ಲಿ ಹೆಚ್ಚು ಕಲಿಸುವುದು ಎರೆ.

ನೆಲ ಟೈರಿಗೆ ಎಷ್ಟು ಹಿಡಿತ ಕೊಡುತ್ತದೆ ಎಂಬ ಪ್ರಶ್ನೆಗೆ ಅಡಿಪಾಯ ಹಾಕಿದವನು ಫ್ರೆಂಚ್ ಸೇನೆಯ ಎಂಜಿನಿಯರ್ ಕೂಲಂಬ್. ವಿದ್ಯುತ್ತಿನ ನಿಯಮಕ್ಕೆ ಹೆಸರಾದವನೇ ಇವನು. ಕೋಟೆಗೋಡೆಗಳ ಹಿಂದಿನ ಮಣ್ಣು ಯಾವಾಗ ಜಾರುತ್ತದೆ ಎಂದು ಲೆಕ್ಕ ಹಾಕುತ್ತ, ಮಣ್ಣಿನ ಬಲಕ್ಕೆ ಎರಡು ಮೂಲಗಳಿವೆ ಎಂದು 1776ರಲ್ಲಿ ಪ್ರಕಟಿಸಿದ. ಒಂದು ಕಣಕಣಗಳ ಅಂಟು, ಇನ್ನೊಂದು ಅವುಗಳ ನಡುವಿನ ಘರ್ಷಣೆ. ಪೋಲೆಂಡಿನಲ್ಲಿ ಹುಟ್ಟಿದ ಮಿಯೆಚಿಸ್ವಾವ್ ಬೆಕ್ಕರ್ ಎಂಬ ಎಂಜಿನಿಯರ್ ಇದನ್ನು ಗಾಲಿಗಳಿಗೆ ಅನ್ವಯಿಸಿ, ನೆಲದ ಮೇಲಿನ ಚಲನೆಯನ್ನೇ ಒಂದು ಶಾಸ್ತ್ರವಾಗಿ ಕಟ್ಟಿದ ಪುಸ್ತಕ ಹೊರತಂದ. ಅದು ಬಂದದ್ದೂ 1956ರಲ್ಲೇ. ಅವನ ಸೂತ್ರದ ಪ್ರಕಾರ ನೆಲ ಕೊಡಬಲ್ಲ ಗರಿಷ್ಠ ನೂಕು ಅಂದರೆ ಟೈರು ತಾಗಿದ ವಿಸ್ತೀರ್ಣಕ್ಕೆ ಅಂಟನ್ನು ಗುಣಿಸಿದ್ದು, ಅದಕ್ಕೆ ತೂಕದಿಂದ ಹುಟ್ಟುವ ಘರ್ಷಣೆಯನ್ನು ಕೂಡಿಸಿದ್ದು.

ಜಹೀರಾಬಾದಿನ ಒಣ ಗರಸಿನಲ್ಲಿ ಅಂಟು ಇಲ್ಲವೆನ್ನುವಷ್ಟು ಕಡಿಮೆ, ಘರ್ಷಣೆಯೇ ಎಲ್ಲ. ಒಂದು ಗಾಲಿಯ ಮೇಲೆ 450 ಕೆ.ಜಿ. ಇದ್ದರೆ ಸುಮಾರು 300 ಕೆ.ಜಿ.ಯಷ್ಟು ನೂಕು ಸಿಗುತ್ತದೆ, ಟೈರು ಅಗಲವಿರಲಿ ಕಿರಿದಿರಲಿ. ಹಸಿ ಎರೆಯಲ್ಲಿ ಇದು ತಿರುಗುಮುರುಗು. ಎರೆಯ ಜೇಡಿಕಣಗಳಲ್ಲಿ ಮುಖ್ಯವಾದದ್ದು ಮಾಂಟ್‌ಮೊರಿಲೊನೈಟ್. ಅದರ ಪದರಗಳ ನಡುವೆಯೇ ನೀರು ನುಗ್ಗಿ ಮಣ್ಣು ಉಬ್ಬುತ್ತದೆ. ಗಾಲಿ ಒತ್ತಿದಾಗ ಆ ನೀರಿಗೆ ಹೊರಹೋಗಲು ಸಮಯವೇ ಸಿಗುವುದಿಲ್ಲ, ಭಾರವನ್ನು ನೀರೇ ಹೊರುತ್ತದೆ, ಕಣಗಳು ಒಂದಕ್ಕೊಂದು ಬಿಗಿಯಾಗುವುದೇ ಇಲ್ಲ. ಮೇಲೆ ಎಷ್ಟು ತೂಕ ಹೇರಿದರೂ ಮಣ್ಣಿನ ಬಲ ಹೆಚ್ಚದು. ಹಿಂದೆ ನಾಲ್ಕು ಜನರನ್ನು ಕೂರಿಸಿಕೊಂಡರೆ ಗಾಲಿ ಕಚ್ಚುತ್ತದೆ ಎಂಬ ನಂಬಿಕೆ ಗರಸಿನಲ್ಲಿ ನಿಜ. ಎರೆಯಲ್ಲಿ ಅದೇ ನಾಲ್ಕು ಜನರಿಂದ ಗಾಡಿ ಇನ್ನಷ್ಟು ಹೂಳುತ್ತದೆ.

ಹಾಗಾದರೆ ಎರೆಯಲ್ಲಿ ಕೈಯಲ್ಲಿರುವುದು ವಿಸ್ತೀರ್ಣ ಮಾತ್ರ. ಟೈರಿನ ಗೋಡೆಯ ಬಿಗುವನ್ನು ಬದಿಗಿಟ್ಟು ಅಂದಾಜು ಹಾಕಿದರೆ, 450 ಕೆ.ಜಿ. ಹೊತ್ತ ಟೈರಿನಲ್ಲಿ 30 ಪಿಎಸ್‌ಐ ಗಾಳಿಯಿದ್ದಾಗ ಅದು ನೆಲಕ್ಕೆ ತಾಗುವುದು ಸುಮಾರು 210 ಚದರ ಸೆಂ.ಮೀ. ಅದನ್ನು 15 ಪಿಎಸ್‌ಐಗೆ ಇಳಿಸಿದರೆ 430 ಚದರ ಸೆಂ.ಮೀ. ಮೆತ್ತನೆಯ ಎರೆಯ ಬಲ 20 ಕಿಲೋಪ್ಯಾಸ್ಕಲ್ ಎಂದು ಹಿಡಿದರೆ ಮೊದಲ ಟೈರಿಗೆ ಸಿಗುವ ನೂಕು 43 ಕೆ.ಜಿ., ಎರಡನೆಯದಕ್ಕೆ 87. ಪೈಸೆ ಖರ್ಚಿಲ್ಲದೆ, ಒಂದು ಬೋಲ್ಟನ್ನೂ ಮುಟ್ಟದೆ, ಹಿಡಿತ ಎರಡರಷ್ಟಾಯಿತು. ಕೆಸರುಗದ್ದೆಗೆ ಇಳಿಯುವ ಟ್ರ್ಯಾಕ್ಟರಿಗೆ ರೈತರು ಕಬ್ಬಿಣದ ಪಂಜರಗಾಲಿ ಕಟ್ಟುವುದೂ ಇದೇ ಕಾರಣಕ್ಕೆ. ನನ್ನ ಮಟ್ಟಿಗೆ, ಲಕ್ಷಾಂತರ ರೂಪಾಯಿಯ ಮಾರ್ಪಾಡಿಗಿಂತ ಮೊದಲು ಕೊಳ್ಳಬೇಕಾದದ್ದು ಗಾಳಿ ಅಳೆಯುವ ಒಂದು ಗೇಜು ಮತ್ತು ಗಾಳಿ ತುಂಬುವ ಒಂದು ಪುಟ್ಟ ಪಂಪು. ಪಂಪು ಯಾಕೆಂದರೆ ಗಾಳಿ ಕಡಿಮೆಯಿರುವ ಟೈರನ್ನು ಹೆದ್ದಾರಿಯಲ್ಲಿ ಓಡಿಸಿದರೆ ಅದರ ಗೋಡೆ ಪ್ರತಿ ಸುತ್ತಿಗೂ ಮಡಚಿ, ಬಿಸಿಯೇರಿ, ಪದರ ಬಿಡುತ್ತದೆ. ಹೊಲದಿಂದ 65ನೇ ಹೆದ್ದಾರಿಗೆ ಬಂದ ಮೇಲೆ ಗಾಳಿ ತುಂಬದೆ ಹೊರಡುವಂತಿಲ್ಲ.

ಇನ್ನು ಮುರಿಯುವ ವಿಷಯ. ಒಂದು ಗಾಡಿಯ ಎಂಜಿನ್ 250 ನ್ಯೂಟನ್-ಮೀಟರ್ ತಿರುಚುಬಲ ಕೊಡುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಗೇರು ಅದನ್ನು 4 ಪಟ್ಟು, ಟ್ರಾನ್ಸ್‌ಫರ್ ಕೇಸಿನ ಲೋ ಗೇರು 2.5 ಪಟ್ಟು, ಕ್ರೌನ್-ಪಿನಿಯನ್ ಮತ್ತೆ 4 ಪಟ್ಟು ಮಾಡುತ್ತವೆ. ಒಟ್ಟು 40 ಪಟ್ಟು, ಅಂದರೆ 10,000 ನ್ಯೂಟನ್-ಮೀಟರ್. ನಾಲ್ಕು ಗಾಲಿಗೆ ಹಂಚಿದರೆ ತಲಾ 2,500. ಆದರೆ 28 ಇಂಚಿನ ಟೈರು ಒಣ ಬಂಡೆಯ ಮೇಲೆ 450 ಕೆ.ಜಿ. ಭಾರ ಹೊತ್ತು ನಿಂತಾಗ ಸುಮಾರು 1,250ರ ಆಚೆ ಜಾರಿಬಿಡುತ್ತದೆ. ಎಂಜಿನ್ ಎಷ್ಟೇ ಹಾರಾಡಲಿ, ಆಕ್ಸಲ್ ಶಾಫ್ಟಿಗೆ ಅದಕ್ಕಿಂತ ಹೆಚ್ಚು ಬಲ ತಲುಪುವುದೇ ಇಲ್ಲ. ಕಾರ್ಖಾನೆಯಿಂದ ಬಂದ ಗಾಡಿಯಲ್ಲಿ ಟೈರು ಜಾರುವುದೇ ಮನೆಯ ಫ್ಯೂಸ್ ತಂತಿಯ ಕೆಲಸ ಮಾಡುತ್ತದೆ. ಶಾಫ್ಟಿನ ದಪ್ಪವನ್ನು ನಿರ್ಧರಿಸುವ ಎಂಜಿನಿಯರು ಈ ಜಾರುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇರುತ್ತಾನೆ.

ಈಗ ಮಾರ್ಪಾಡು ಮಾಡುವವನು ಬರುತ್ತಾನೆ. 33 ಇಂಚಿನ ಟೈರು ಹಾಕಿದ ಕೂಡಲೇ ಸನ್ನೆಯ ಉದ್ದ ಹೆಚ್ಚಿ 1,250 ಇದ್ದದ್ದು 1,480ರ ಹತ್ತಿರ ಹೋಗುತ್ತದೆ. ಟೈರಿನ ಕಚ್ಚುಗಳು ಆಳವಾದಷ್ಟೂ ಅದು ಜಾರುವುದು ಇನ್ನೂ ಕಡಿಮೆ. ಲಾಕರ್ ಹಾಕಿದರಂತೂ ಕಥೆಯೇ ಬೇರೆ. ಸಾಮಾನ್ಯ ಡಿಫರೆನ್ಶಿಯಲ್ ಎಡಬಲಕ್ಕೆ ಬಲವನ್ನು ಸಮವಾಗಿ ಹಂಚುತ್ತದೆ, ಒಂದು ಗಾಲಿ ಜಾರಿದರೆ ಇನ್ನೊಂದರ ಶಾಫ್ಟೂ ಹಗುರಾಗುತ್ತದೆ. ಲಾಕ್ ಆದಾಗ ಹಾಗಿಲ್ಲ, ಎರಡೂ ಗಾಲಿ ಒಟ್ಟಿಗೇ ತಿರುಗಬೇಕು. ಒಂದು ಗಾಲಿ ಗಾಳಿಯಲ್ಲಿದ್ದು ಇನ್ನೊಂದು ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡರೆ, ಹಿಂದಿನ ಆಕ್ಸಲಿನ ಪಾಲಿನ 5,000 ಪೂರ್ತಿಯಾಗಿ ಒಂದೇ ಶಾಫ್ಟಿನ ಮೇಲೆ ಬೀಳುತ್ತದೆ. 30 ಮಿ.ಮೀ. ದಪ್ಪದ ಶಾಫ್ಟಿನ ಮೈಮೇಲೆ 1,480 ಬಿದ್ದಾಗ ಹುಟ್ಟುವ ಒತ್ತಡ ಸುಮಾರು 280 ಮೆಗಾಪ್ಯಾಸ್ಕಲ್, 5,000 ಬಿದ್ದರೆ 940. ಹದಗೊಳಿಸಿದ ಒಳ್ಳೆಯ ಮಿಶ್ರಲೋಹದ ಉಕ್ಕು ಕೂಡ ಸಾಮಾನ್ಯವಾಗಿ ಅಷ್ಟು ತಿರುಚನ್ನು ತಾಳಲಾರದು.

ಇದಕ್ಕಿಂತ ಕೆಟ್ಟದ್ದು ಗಾಳಿಯಲ್ಲಿ ಗರಗರ ಸುತ್ತುತ್ತಿರುವ ಗಾಲಿ ತಟ್ಟನೆ ನೆಲ ಕಚ್ಚುವುದು. ಆಗ ಎಂಜಿನ್ನಿನ ಬಲದ ಜೊತೆಗೆ, ಸುತ್ತುತ್ತಿದ್ದ ಟೈರು, ಶಾಫ್ಟು, ಫ್ಲೈವೀಲುಗಳಲ್ಲಿ ಕೂಡಿಕೊಂಡ ಶಕ್ತಿಯೂ ಕ್ಷಣಾರ್ಧದಲ್ಲಿ ಆ ಒಂದು ಸರಳಿಗೆ ಇಳಿಯುತ್ತದೆ. ದಪ್ಪ ಟೈರು ಹೆಚ್ಚು ತೂಕದ್ದು, ಆ ತೂಕವೂ ಅಂಚಿನಲ್ಲಿರುತ್ತದೆ, ಹಾಗಾಗಿ ಪೆಟ್ಟು ಇನ್ನಷ್ಟು ಜೋರು. ದಾರಿಯಿಲ್ಲದ ಕಡೆ ಆಕ್ಸಲುಗಳು ಕಾಲನ್ನು ಆಕ್ಸಲರೇಟರಿನಿಂದ ತೆಗೆಯದವನ ಗಾಡಿಯಲ್ಲೇ ಹೆಚ್ಚಾಗಿ ಮುರಿಯುವುದಕ್ಕೆ ಕಾರಣ ಇದು. ಗಾಲಿ ಸುತ್ತತೊಡಗಿತೆಂದರೆ ಕಾಲು ತೆಗೆಯಬೇಕು, ಸುತ್ತು ನಿಂತ ಮೇಲೆ ನಿಧಾನವಾಗಿ ಮತ್ತೆ ಒತ್ತಬೇಕು.

ಶಾಫ್ಟನ್ನೇ ದಪ್ಪ ಮಾಡಿದರಾಯಿತಲ್ಲ ಎನ್ನಬಹುದು. ತಿರುಚಿನಲ್ಲಿ ಶಾಫ್ಟಿನ ಬಲ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. 30 ಮಿ.ಮೀ. ಬದಲು 33 ಹಾಕಿದರೆ ಬಲ ಮೂರನೇ ಒಂದು ಪಾಲು ಹೆಚ್ಚುತ್ತದೆ. ಒಳ್ಳೆಯದೇ. ಆದರೆ ಶಾಫ್ಟು ತಾಳಿದ ಬಲ ಈಗ ಕ್ರೌನ್-ಪಿನಿಯನ್ನಿನ ಹಲ್ಲಿಗೆ ಹೋಗುತ್ತದೆ. ಅದನ್ನೂ ಗಟ್ಟಿ ಮಾಡಿದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗೆ, ಆಮೇಲೆ ಟ್ರಾನ್ಸ್‌ಫರ್ ಕೇಸಿಗೆ. ಮುರಿಯುವ ಜಾಗ ಒಳಒಳಗೆ ಸರಿಯುತ್ತದೆ, ಒಳಗೆ ಹೋದಷ್ಟೂ ಹೊಲದಲ್ಲಿ ರಿಪೇರಿ ಕಷ್ಟ. ಆಕ್ಸಲ್ ಶಾಫ್ಟನ್ನು ಮರದ ನೆರಳಿನಲ್ಲಿ ಬದಲಿಸಬಹುದು, ಕ್ರೌನ್-ಪಿನಿಯನ್ನಿನ ಹಲ್ಲುಗಳನ್ನು ಅಲ್ಲಿ ಹೊಂದಿಸಲಾಗದು, ಅವುಗಳ ನಡುವಿನ ಸಂದನ್ನು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಅಳೆದು ಕೂರಿಸಬೇಕು. ಅನುಭವಿಗಳು ಅದಕ್ಕೇ ಗಾಲಿಯ ಹೊರತುದಿಯಲ್ಲಿರುವ ಹಬ್ ಅಥವಾ ಡ್ರೈವ್ ಫ್ಲ್ಯಾಂಜನ್ನು ಬೇಕೆಂದೇ ಎಲ್ಲಕ್ಕಿಂತ ದುರ್ಬಲವಾಗಿ ಉಳಿಸಿಕೊಂಡು, ಅದರ ಬಿಡಿಭಾಗವನ್ನು ಜೊತೆಗೆ ಒಯ್ಯುತ್ತಾರೆ. ರೋಟಾವೇಟರಿನ ಶಿಯರ್ ಬೋಲ್ಟಿನದೇ ಬುದ್ಧಿವಂತಿಕೆ ಇದು.

ಮುರಿದ ತುಂಡನ್ನು ಎಸೆಯುವ ಮೊದಲು ಅದರ ಮುಖವನ್ನು ನೋಡಬೇಕು. ಬರೆಯುವ ಚಾಕ್ ಒಂದನ್ನು ಎರಡೂ ಕೈಯಿಂದ ಹಿಡಿದು ತಿರುಚಿ ನೋಡಿ. ಅದು ನೇರವಾಗಿ ತುಂಡಾಗುವುದಿಲ್ಲ, 45 ಡಿಗ್ರಿಯ ಓರೆಯಲ್ಲಿ ಸುರುಳಿಯಾಗಿ ಒಡೆಯುತ್ತದೆ. ಹದ ಹೆಚ್ಚಾಗಿ ಪೆಡಸಾದ ಉಕ್ಕು ಹೀಗೇ ಒಡೆಯುತ್ತದೆ. ಮೆದು ಉಕ್ಕು ಮೊದಲು ತಿರುಚಿಕೊಂಡು ಆಮೇಲೆ ಅಡ್ಡಕ್ಕೆ ಚಪ್ಪಟೆಯಾಗಿ ಹರಿಯುತ್ತದೆ, ಅದರ ತುದಿಯ ಉದ್ದುದ್ದ ಹಲ್ಲುಗಳು, ಅಂದರೆ ಸ್ಪ್ಲೈನುಗಳು, ಹಗ್ಗದ ಎಳೆಯಂತೆ ಹೊಸೆದಿರುತ್ತವೆ. ಈ ಎರಡೂ ಒಂದೇ ಪೆಟ್ಟಿನ ಸಾವು. ಮೂರನೆಯ ಬಗೆಯಲ್ಲಿ ಮುಖದ ಒಂದು ಭಾಗ ನುಣ್ಣಗೆ, ಒಂದರ ಸುತ್ತ ಒಂದು ಬಾಗಿದ ಗೆರೆಗಳಿಂದ ತುಂಬಿರುತ್ತದೆ, ಉಳಿದದ್ದು ಒರಟಾಗಿ ಕಾಳುಕಾಳಾಗಿ ಕಾಣುತ್ತದೆ. ಅದು ದಣಿವಿನ ಬಿರುಕು. ನುಣ್ಣನೆಯ ಭಾಗ ಎಷ್ಟೋ ತಿಂಗಳಿಂದ ಸೀಳುತ್ತ ಬಂದದ್ದು, ಒರಟು ಭಾಗ ಕೊನೆಯ ಕ್ಷಣದಲ್ಲಿ ಹರಿದದ್ದು.

ಲೋಹ ದಣಿಯುತ್ತದೆ ಎಂಬುದನ್ನು ಜಗತ್ತು ಕಲಿತದ್ದು ರೈಲಿನಿಂದ. 1842ರ ಮೇ 8ರಂದು ವರ್ಸೈಯಿಂದ ಪ್ಯಾರಿಸ್ಸಿಗೆ ಬರುತ್ತಿದ್ದ ರೈಲಿನ ಎಂಜಿನ್ನಿನ ಆಕ್ಸಲ್ ಮುರಿದು, ಹಿಂದಿನ ಡಬ್ಬಿಗಳು ಒಂದರ ಮೇಲೊಂದು ಏರಿ ಬೆಂಕಿ ಹತ್ತಿ ಬಹಳ ಜನ ಸತ್ತರು. ಆಮೇಲೆ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವ್ಯೋಲರ್ 1850ರ ದಶಕದಿಂದ 1870ರವರೆಗೆ ಆಕ್ಸಲುಗಳನ್ನು ಲಕ್ಷಾಂತರ ಸಲ ಬಾಗಿಸಿ ಪರೀಕ್ಷಿಸಿದ. ಒಂದೇ ಸಲಕ್ಕೆ ಏನೂ ಮಾಡದ ಭಾರ ಲಕ್ಷ ಸಲ ಮರುಕಳಿಸಿದರೆ ಮುರಿಯುತ್ತದೆ ಎಂಬುದು ಅವನ ತೀರ್ಮಾನ. ಬಿರುಕು ಹುಟ್ಟುವುದು ಮೂಲೆಯಲ್ಲಿ, ಗೀರಿನಲ್ಲಿ, ದಪ್ಪ ತಟ್ಟನೆ ಬದಲಾಗುವ ಕಡೆಯಲ್ಲಿ. ನುಣ್ಣನೆಯ ಗೆರೆಗಳುಳ್ಳ ತುಂಡು ಸಿಕ್ಕರೆ ತಪ್ಪು ಆ ದಿನದ ಚಾಲಕನದಲ್ಲ, ಮತ್ತು ಅದರ ಜೊತೆಯ ಶಾಫ್ಟೂ ಅಷ್ಟೇ ವಯಸ್ಸಿನದು, ಅದನ್ನೂ ನಂಬುವಂತಿಲ್ಲ.

ಆಕ್ಸಲ್ ಮುರಿದು ಎರೆಯಲ್ಲಿ ನಿಂತಾಗ ಮುಂದಿನ ದಾರಿಯನ್ನು ನಿರ್ಧರಿಸುವುದು ಹಬ್ಬಿನ ರಚನೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿ ಜೀಪಿನ ಹಿಂದಿನ ಆಕ್ಸಲ್ ಫುಲ್-ಫ್ಲೋಟಿಂಗ್ ಬಗೆಯದು. ಅದರಲ್ಲಿ ಗಾಡಿಯ ಭಾರವನ್ನು ಹೌಸಿಂಗಿನ ಮೇಲಿನ ಬೇರಿಂಗುಗಳೇ ಹೊರುತ್ತವೆ, ಶಾಫ್ಟಿನದು ತಿರುಗಿಸುವ ಕೆಲಸ ಮಾತ್ರ. ಶಾಫ್ಟಿನ ತುಂಡುಗಳನ್ನು ಎಳೆದು ತೆಗೆದು, ಹಬ್ಬಿನ ಬಾಯಿಗೆ ಎಣ್ಣೆ ಹೊರಬಾರದಂತೆ, ಧೂಳು ಹೋಗದಂತೆ ಬಟ್ಟೆ ಬಿಗಿದು, ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಿ, ಮುಂದಿನ ಗಾಲಿಗಳ ಬಲದಿಂದ ಮನೆಗೆ ಬರಬಹುದು. ಸೆಮಿ-ಫ್ಲೋಟಿಂಗ್ ಆಕ್ಸಲಿನಲ್ಲಿ ಗಾಲಿ ನಿಂತಿರುವುದೇ ಶಾಫ್ಟಿನ ತುದಿಯ ಮೇಲೆ. ಬೇರಿಂಗಿನ ಒಳಬದಿಯಲ್ಲಿ ಮುರಿದಿದ್ದರೆ ಕೆಲವು ಗಾಡಿಗಳಲ್ಲಿ ನಿಧಾನಕ್ಕೆ ಸಾಗಬಹುದು. ಹೊರಬದಿಯಲ್ಲಿ ಮುರಿದರೆ ಗಾಲಿಯೇ ಕಳಚಿ ಹೋಗುತ್ತದೆ, ಆ ಗಾಡಿಯನ್ನು ಹೊತ್ತೇ ತರಬೇಕು.

ಇಲ್ಲಿ ಒಂದು ಎಚ್ಚರಿಕೆ, ಇದರಿಂದ ಜೀವ ಹೋಗಬಹುದು. ಹಳೆಯ ಜೀಪುಗಳಲ್ಲಿ ಕೈಬ್ರೇಕಿನ ಡ್ರಮ್ಮು ಗಾಲಿಯಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿದೆ, ಅದು ಗಾಲಿಗಳನ್ನು ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟು ಮತ್ತು ಆಕ್ಸಲ್ ಮೂಲಕ. ಆಕ್ಸಲ್ ಮುರಿದರೆ, ಇಲ್ಲವೇ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದರೆ, ಎಳೆದ ಕೈಬ್ರೇಕು ಏನನ್ನೂ ಹಿಡಿದಿರುವುದಿಲ್ಲ. ಗಾಡಿಯ ಕೆಳಗೆ ತೂರುವ ಮೊದಲು ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಡಲೇಬೇಕು. ಎರೆಯಲ್ಲಿ ಜ್ಯಾಕು ಹೂಳುತ್ತದೆ, ಅದರ ಕೆಳಗೆ ಅಗಲ ಹಲಗೆ ಬೇಕು.

ಕಮಾನು ಎತ್ತರಿಸಿದ ಗಾಡಿಯಲ್ಲಿ ಇನ್ನೊಂದು ತೊಂದರೆ ಒಳಗೊಳಗೇ ಬೆಳೆಯುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯ ಕ್ರಾಸ್ ಜಾಯಿಂಟುಗಳು ಕೋನದಲ್ಲಿ ತಿರುಗುವಾಗ, ಒಳಬರುವ ವೇಗ ಒಂದೇ ಸಮನಾಗಿದ್ದರೂ ಹೊರಹೋಗುವ ವೇಗ ಪ್ರತಿ ಸುತ್ತಿಗೆ ಎರಡು ಸಲ ಏರಿ ಇಳಿಯುತ್ತದೆ. ಕೋನ 10 ಡಿಗ್ರಿ ಇದ್ದರೆ ಏರಿಳಿತ ನೂರಕ್ಕೆ ಒಂದೂವರೆ ಪಾಲಿನಷ್ಟು, 20 ಡಿಗ್ರಿಗೆ ಹೋದರೆ ಆರು ಪಾಲು. ಕೋನ ಇಮ್ಮಡಿಯಾದರೆ ನಡುಕ ನಾಲ್ಕು ಪಟ್ಟು. ಎರಡೂ ತುದಿಯ ಕೋನ ಸಮವಾಗಿದ್ದು, ಕ್ರಾಸನ್ನು ಹಿಡಿದಿರುವ ಎರಡೂ ಯೋಕ್‌ಗಳು ಒಂದೇ ಸಾಲಿನಲ್ಲಿದ್ದರೆ ಒಂದರ ನಡುಕವನ್ನು ಇನ್ನೊಂದು ತಿಂದುಹಾಕುತ್ತದೆ. ಹೊಲದಲ್ಲಿ ಶಾಫ್ಟು ಬಿಚ್ಚುವಾಗ ಎರಡೂ ಭಾಗದ ಮೇಲೆ ಒಂದು ಗೆರೆ ಎಳೆದಿಟ್ಟುಕೊಳ್ಳದಿದ್ದರೆ, ಮರುಜೋಡಿಸುವಾಗ ಒಂದು ಸ್ಪ್ಲೈನು ಆಚೀಚೆಯಾಗಿ ನಡುಕ ಉಳಿದುಹೋಗುತ್ತದೆ.

ಜಹೀರಾಬಾದಿನ ಗರಸುದಾರಿಗಳು ಗಾಡಿಯನ್ನು ಒಮ್ಮೆಗೇ ಮುರಿಯುವುದಿಲ್ಲ, ಸಡಿಲಿಸುತ್ತವೆ. ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರ್ 1969ರಲ್ಲಿ ತೋರಿಸಿಕೊಟ್ಟಂತೆ, ನಟ್ಟನ್ನು ಬಿಚ್ಚುವುದರಲ್ಲಿ ಬೋಲ್ಟಿನ ಉದ್ದಕ್ಕೆ ಎಳೆಯುವ ಕಂಪನಕ್ಕಿಂತ ಅಡ್ಡಕ್ಕೆ ಜಾರಿಸುವ ಕಂಪನ ಬಹಳ ಚುರುಕು. ಸ್ಪ್ರಿಂಗ್ ವಾಷರ್ ಹಾಕಿದ ಮಾತ್ರಕ್ಕೆ ಅದು ನಿಲ್ಲದು. ಕಮಾನಿನ ಯು-ಬೋಲ್ಟುಗಳನ್ನು ಬಿಗಿದ ಮೇಲೆ ನಟ್ಟು ಮತ್ತು ಬೋಲ್ಟಿನ ಮೇಲೆ ಒಟ್ಟಾಗಿ ಒಂದು ಬಣ್ಣದ ಗೆರೆ ಎಳೆದಿಟ್ಟರೆ, ಗೆರೆ ಮುರಿದಿದೆಯೇ ಎಂದು ಬಗ್ಗಿ ನೋಡಿದರೆ ಸಾಕು. ಕಮಾನಿನ ಪಟ್ಟಿ ಮುರಿದರೆ ದಾರಿಬದಿಯಲ್ಲಿ ವೆಲ್ಡಿಂಗ್ ಮಾಡಿಸಬೇಡಿ. ಅದು ಇಂಗಾಲ ಹೆಚ್ಚಿರುವ, ಹದಗೊಳಿಸಿದ ಉಕ್ಕು, ಬೆಸುಗೆಯ ಪಕ್ಕದ ಭಾಗ ಗಾಜಿನಷ್ಟು ಪೆಡಸಾಗಿ ಅಲ್ಲೇ ಮತ್ತೆ ಒಡೆಯುತ್ತದೆ. ಆಕ್ಸಲಿಗೂ ಚಾಸಿಗೂ ನಡುವೆ ಮರದ ತುಂಡು ಕೊಟ್ಟು ಸರಪಳಿಯಿಂದ ಬಿಗಿದು ನಿಧಾನಕ್ಕೆ ಬರುವುದು ಮೇಲು.

ತಾಂಡೂರಿಗೆ ಬಂದರೆ ಎರೆಯಲ್ಲಿ ಕಲಿತದ್ದೇ ತಿರುಗಿಬೀಳುತ್ತದೆ. ಪರಸಿ ಕಲ್ಲು ಪದರುಪದರಾಗಿ ಎದ್ದುಬರುವ ಕಲ್ಲು, ಗಣಿಯ ಪಕ್ಕ ಬಿಸಾಡಿದ ಚೂರುಗಳು ಅಂಚು ಮೇಲಾಗಿ ನಿಂತಿರುತ್ತವೆ. ಅದರ ಕ್ಯಾಲ್ಸೈಟ್ ಖನಿಜಗಳ ಗಡಸುತನದ ಅಳತೆಯಲ್ಲಿ 3ನೇ ಮೆಟ್ಟಿಲಿನದು, ಉಕ್ಕಿನ ಚಾಕುವಿನಿಂದ ಗೀರಬಹುದು, ಆದರೂ ರಬ್ಬರಿಗೆ ಆ ಅಂಚು ಸಾಕು. ಎರೆಗೆಂದು ಗಾಳಿ ಇಳಿಸಿದ ಟೈರಿನ ಗೋಡೆ ಹೊರಗೆ ಉಬ್ಬಿರುತ್ತದೆ, ಗೋಡೆಯಲ್ಲಿ ಪದರಗಳೂ ಕಡಿಮೆ. ಅಲ್ಲಿ ಸೀಳಿದರೆ ಪಂಕ್ಚರ್ ಬತ್ತಿಯಿಂದ ಭದ್ರವಾಗಿ ಮುಚ್ಚಲಾಗದು. ಒಂದೇ ದಿನದಲ್ಲಿ ಎರಡೂ ನೆಲ ತುಳಿಯುವವರು ಎರಡು ಸಲ ಗಾಳಿ ಬದಲಿಸಬೇಕು.

ಅದೇ ಕಲ್ಲು ಡೀಸೆಲ್ ಟ್ಯಾಂಕಿಗೆ ತೂತು ಮಾಡಿದರೆ ನಮ್ಮ ಲಾರಿ ಚಾಲಕರು ಬಟ್ಟೆ ಸೋಪನ್ನು ನಾದಿ ಮೆತ್ತುತ್ತಾರೆ. ಇದರಲ್ಲಿ ಒಳ್ಳೆಯ ರಸಾಯನವಿದೆ. ಸೋಪು ಕೊಬ್ಬಿನಾಮ್ಲದ ಲವಣ, ನೀರಿನಲ್ಲಿ ಕರಗುವಂತೆ ಡೀಸೆಲಿನಲ್ಲಿ ಕರಗುವುದಿಲ್ಲ. ಅಂಟುಪಟ್ಟಿಯ ಅಂಟನ್ನು ಡೀಸೆಲ್ ಕರಗಿಸುತ್ತದೆ, ಸೋಪನ್ನು ಮುಟ್ಟುವುದಿಲ್ಲ. ಸೋರುವ ರೇಡಿಯೇಟರಿಗೆ ಅರಿಶಿನಪುಡಿ ಹಾಕುವುದೂ ಹಾಗೆಯೇ. ಪುಡಿಯ ನಾರು ಮತ್ತು ಬಿಸಿನೀರಿನಲ್ಲಿ ಉಬ್ಬಿದ ಪಿಷ್ಟ ಸಣ್ಣ ಸೀಳಿಗೆ ಹೋಗಿ ಕೂರುತ್ತವೆ. ಅವು ರೇಡಿಯೇಟರಿನ ಕಿರಿದಾದ ಕೊಳವೆಗಳಲ್ಲೂ ಕೂರುವುದರಿಂದ ಊರು ಸೇರಿದ ಮೇಲೆ ಪೂರ್ತಿ ತೊಳೆಯಬೇಕು. ಮುಚ್ಚಳವನ್ನು ಮಾತ್ರ ಬಿಸಿಯಲ್ಲಿ ತೆಗೆಯಕೂಡದು. ವಾತಾವರಣಕ್ಕಿಂತ ಒಂದು ಬಾರ್ ಹೆಚ್ಚಿನ ಒತ್ತಡದಲ್ಲಿ ನೀರು 120 ಡಿಗ್ರಿಯವರೆಗೆ ಕುದಿಯದೆ ನಿಂತಿರುತ್ತದೆ, ಮುಚ್ಚಳ ತೆರೆದೊಡನೆ ಒತ್ತಡ ಇಳಿದು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಕೈಗೆ ಸಿಕ್ಕಿದ್ದರಿಂದ ಗಾಡಿ ಸರಿಪಡಿಸುವ ಕಲೆ ಚಂದ್ರನವರೆಗೂ ಹೋಗಿದೆ. ಬೆಕ್ಕರ್ ಕೈ ಹಚ್ಚಿದ್ದ ಚಾಂದ್ರವಾಹನದ ಮಡ್‌ಗಾರ್ಡ್ ತುಂಡೊಂದು 1972ರ ಡಿಸೆಂಬರಿನಲ್ಲಿ ಅಪೋಲೊ 17ರ ಯಾತ್ರಿಗಳ ಸುತ್ತಿಗೆ ತಾಗಿ ಮುರಿಯಿತು. ಗಾಲಿ ಎರಚುವ ಧೂಳು ತಡೆಯಲು ಅವರು ನಾಲ್ಕು ನಕಾಶೆಗಳನ್ನು ಅಂಟುಪಟ್ಟಿಯಿಂದ ಜೋಡಿಸಿ, ಕ್ಲಾಂಪಿನಿಂದ ಹಿಡಿಸಿ, ಉಳಿದ ಪಯಣ ಮುಗಿಸಿದರು.

ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವಾಗ ಆಗುವ ಅಪಘಾತ ಬೇರೆಲ್ಲ ಕೆಡುಕುಗಳಿಗಿಂತ ಘೋರ. ಹಿಗ್ಗುವ ಹಗ್ಗವೊಂದು 3 ಟನ್ ಎಳೆತಕ್ಕೆ 2 ಮೀಟರ್ ಹಿಗ್ಗಿದರೆ ಅದರಲ್ಲಿ ಸುಮಾರು 30 ಕಿಲೋಜೂಲ್ ಶಕ್ತಿ ತುಂಬಿಕೊಳ್ಳುತ್ತದೆ. ಅದು ಒಂದು ಟನ್ ತೂಕದ ಕಾರು ಗಂಟೆಗೆ 28 ಕಿ.ಮೀ. ವೇಗದಲ್ಲಿ ಓಡುವಾಗ ಇರುವಷ್ಟು ಶಕ್ತಿ. ಹಗ್ಗದ ತುದಿಯ ಕೊಕ್ಕೆ ಕಿತ್ತರೆ ಅದರಲ್ಲಿ ಬಹುಪಾಲು ಎರಡು ಕಿಲೋ ಕಬ್ಬಿಣದ ಮೇಲೆ ಹೋಗುತ್ತದೆ. ಟ್ರೇಲರ್ ಎಳೆಯುವ ಗುಂಡಿಗೆ, ಬಂಪರಿಗೆ ಹಗ್ಗ ಕಟ್ಟಲೇಬಾರದು, ಚಾಸಿಗೆ ಬಿಗಿದ ಕೊಕ್ಕೆಗೇ ಕಟ್ಟಬೇಕು. ಹಗ್ಗದ ನಡುವೆ ಒದ್ದೆ ಗೋಣಿ ಹೊದಿಸಿ, ಜನರನ್ನು ಹಗ್ಗದ ಉದ್ದಕ್ಕಿಂತ ದೂರ ನಿಲ್ಲಿಸಬೇಕು. ಎಳೆಯುವ ಮೊದಲು ಗಾಲಿಗಳ ಪಕ್ಕ ಸಲಿಕೆಯಿಂದ ಬಿಡಿಸಿ ಎರೆಯೊಳಕ್ಕೆ ಗಾಳಿ ಹೋಗಲು ದಾರಿ ಮಾಡಿದರೆ ಹೀರಿಹಿಡಿದ ಮಣ್ಣು ಬಿಡುತ್ತದೆ, ಕಡಿಮೆ ಬಲದಲ್ಲೇ ಗಾಡಿ ಮೇಲೇಳುತ್ತದೆ.

ಹೈದರಾಬಾದಿನಿಂದ ಈ ಕಡೆಯ ಅನಂತಗಿರಿ ಗುಡ್ಡದತ್ತ ಬರುವ ಮಾರ್ಪಾಡಿನ ಗಾಡಿಗಳನ್ನು ನೋಡಿದಾಗ ನನಗೆ ಹೊಲದವರ ಪರವಾಗಿ ಒಂದು ಮಾತು ಹೇಳಬೇಕೆನಿಸುತ್ತದೆ. ಕೊಯ್ಲಾದ ಹೊಲ ಖಾಲಿ ಜಾಗವಲ್ಲ. 2022ರಲ್ಲಿ ಭೌಗೋಳಿಕ ಗುರುತು ಪಡೆದ ತಾಂಡೂರಿನ ತೊಗರಿಯ ಬೇರು ಆಳಕ್ಕಿಳಿಯುವಂಥದ್ದು. ಹಸಿ ಎರೆಯನ್ನು ಗಾಲಿ ತುಳಿದು ಅದುಮಿದರೆ ಒಳಗಿನ ರಂಧ್ರಗಳು ಮುಚ್ಚಿ, ಮುಂದಿನ ಬೆಳೆಯ ಬೇರಿಗೆ ಅಲ್ಲಿ ದಾರಿ ಸಿಗುವುದಿಲ್ಲ. ಕೇಳದೆ ಯಾರ ಹೊಲಕ್ಕೂ ಇಳಿಯಬಾರದು, ಮಳೆಯಾದ ಮೇಲಂತೂ ಕೇಳಲೂಬಾರದು. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಬ್ರೇಕಿನ ಲೆಕ್ಕ ಹಾಕಿದರೆ ಇದು ಬರೀ ಕಟ್ಟುಪಾಡಲ್ಲ ಎಂಬುದು ತಿಳಿಯುತ್ತದೆ. 28ರ ಬದಲು 33 ಇಂಚಿನ ಟೈರು ಹಾಕಿದ ಗಾಡಿಯನ್ನು ಅಷ್ಟೇ ದೂರದಲ್ಲಿ ನಿಲ್ಲಿಸಲು ಬ್ರೇಕು ನೂರಕ್ಕೆ ಸುಮಾರು 18 ಪಾಲು ಹೆಚ್ಚು ತಿರುಚುಬಲ ಕೊಡಬೇಕು. ಇದರ ಜೊತೆಗೆ ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಡಾಟ್ 3 ಎಣ್ಣೆಯ ಕುದಿಬಿಂದುವಿಗೆ ಇರುವ ಕನಿಷ್ಠ ಮಟ್ಟ ಹೊಸದರಲ್ಲಿ 205 ಡಿಗ್ರಿ, ತೇವ ಹೀರಿದ ಮೇಲೆ 140. ಗುಡ್ಡ ಇಳಿಯುವಾಗ ಅದು ಕುದಿದು ಆವಿಯಾದರೆ ಪೆಡಲು ಪಾತಾಳಕ್ಕೆ ಹೋಗುತ್ತದೆ.

ಮನೆಗೆ ಬಂದ ಮೇಲೆ ಮಾಡಬೇಕಾದ ಕೆಲಸವೊಂದಿದೆ. ರೈಲ್ವೆ ವರ್ಕ್‌ಶಾಪುಗಳಲ್ಲಿ ಹಿಂದೆ ಆಕ್ಸಲುಗಳ ಬಿರುಕು ಹುಡುಕುತ್ತಿದ್ದ ರೀತಿ ಇದು, ಖರ್ಚಿಲ್ಲದ್ದು. ಶಾಫ್ಟನ್ನು ತೊಳೆದು ಒಣಗಿಸಿ, ಸೀಮೆಎಣ್ಣೆ ಬೆರೆಸಿದ ತೆಳು ಎಣ್ಣೆಯಲ್ಲಿ ಕೆಲವು ಗಂಟೆ ನೆನೆಸಿಡಿ. ಆಮೇಲೆ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ತೆಳ್ಳಗೆ ಬಳಿದು ಆರಲು ಬಿಡಿ. ಬಿರುಕಿನೊಳಗೆ ಇಳಿದಿದ್ದ ಎಣ್ಣೆಯನ್ನು ಬಿಳಿ ಪುಡಿ ಮೇಲಕ್ಕೆ ಹೀರಿ, ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ನೋಡಬೇಕಾದ ಕಡೆ ಮುಖ್ಯವಾಗಿ ಎರಡು: ಸ್ಪ್ಲೈನು ಮುಗಿಯುವ ಜಾಗ, ಮತ್ತು ಫ್ಲ್ಯಾಂಜ್ ಶುರುವಾಗುವ ಮೂಲೆ. ಅಲ್ಲಿ ಗೆರೆ ಕಂಡ ಶಾಫ್ಟನ್ನು ಬಿಡಿಭಾಗವಾಗಿಯೂ ಇಟ್ಟುಕೊಳ್ಳದೆ ಗುಜರಿಗೆ ಹಾಕಿ.